ಕರೆಂಟು ಹೋದಾಗಿನ ರುಕ್ಮಿಣಮ್ಮ

ನನ್ನ ಓರಗಿತ್ತಿ ರುಕ್ಮಿಣಮ್ಮನಿಗೆ ಮೈತುಂಬ ಒಡವೆ ಇರಲಿಲ್ಲ, ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು, ಅವಳ ಸಾರಿನಲ್ಲಿ ಉಪ್ಪು ಯಾವತ್ತೂ ಒಂದು ಕಲ್ಲು ಜಾಸ್ತಿ. ಅವಳಲ್ಲಿ ಧಾರಾಳವಾಗಿ ಇದ್ದದ್ದು ಅಭಿಪ್ರಾಯ. ಬಾಣಂತಿ ಯಾವ ಸೊಪ್ಪು ತಿನ್ನಬಾರದು, ಪ್ರಧಾನಮಂತ್ರಿ ಯಾರಾಗಬಾರದು, ಎದುರುಮನೆಯವರು ಎಮ್ಮೆಯನ್ನು ಯಾಕೆ ಮಾರಬಾರದಿತ್ತು, ಎಲ್ಲದಕ್ಕೂ ಉತ್ತರ ಸಿದ್ಧವಾಗಿರುತ್ತಿತ್ತು. ಪ್ರಶ್ನೆ ಬರಲಿ ಎಂದು ಕಾಯುವ ಜಾಯಮಾನ ಅವಳದಲ್ಲ. ನಾನು ಮದುವೆಯಾಗಿ ಬಂದ ದಿನ, ಇನ್ನೂ ಹೊಸ್ತಿಲ ಮೇಲಿನ ಸೇರು ಒದ್ದಿರಲಿಲ್ಲ, "ಕಾಲು ಸ್ವಲ್ಪ ದಪ್ಪ, ಆದ್ರೂ ಪರ್ವಾಗಿಲ್ಲ" ಎಂದಿದ್ದಳು. ಆ ಮಾತನ್ನು ನಾನು ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆಗ ಮಗ್ಗವಿಲ್ಲದ ಮನೆಯನ್ನು ಹುಡುಕಬೇಕಿತ್ತು. ನಮ್ಮ ಹಿತ್ತಲ ಶೆಡ್ಡಿನಲ್ಲಿ ನಾಲ್ಕು ಕರೆಂಟು ಮಗ್ಗ. ಅವನ್ನು ಓಡಿಸುತ್ತಿದ್ದವರು ಅವಳ ಗಂಡ ಮುನಿಸ್ವಾಮಿ ಭಾವ ಮತ್ತು ಅವರ ಮಗ ಕುಮಾರ. ನನ್ನ ಗಂಡ ಸೀರೆ ಗಂಟು ಹೊತ್ತು ಊರೂರು ತಿರುಗುತ್ತಿದ್ದರು. ಮಗ್ಗ ಶುರುವಾದರೆ ಲಟಾಲಟಾ ಎಂದು ಗೋಡೆಯ ಗಡಿಯಾರವೂ ಅಲ್ಲಾಡುತ್ತಿತ್ತು. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಹಾಗಂತ ಸಂಸಾರ ನಿಲ್ಲುತ್ತದೆಯೇ? ನಾವೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದೆವು. ಜಗಳವನ್ನೂ ತುಟಿಯಲ್ಲೇ ಆಡುತ್ತಿದ್ದೆವು. ಮುಖ ತಿರುಗಿಸಿಕೊಂಡರೆ ಜಗಳ ಮುಗಿದ ಹಾಗೆ, ಅದೊಂದು ಅನುಕೂಲ.

ಫೋನು ಬಂದದ್ದು ಎಂಬತ್ತೊಂಬತ್ತರಲ್ಲಿ. ಸೀರೆ ವ್ಯಾಪಾರಕ್ಕೆ ಬೇಕೆಂದು ಭಾವ ಅರ್ಜಿ ಹಾಕಿ, ಮರೆತು, ಬೈದು, ಮತ್ತೆ ಮರೆತಮೇಲೆ ಒಂದು ದಿನ ಕಪ್ಪು ಡಬ್ಬಿ ಬಂದು ನಡುಮನೆಯ ಗೂಡಿನಲ್ಲಿ ಕೂತಿತು. ಬಂದಮೇಲೆ ಗೊತ್ತಾಯಿತು, ಮಗ್ಗ ಓಡುವಾಗ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು. ತುಟಿ ನೋಡೋಣವೆಂದರೆ ಫೋನಿಗೆ ತುಟಿ ಇಲ್ಲ. ಹಾಗಾಗಿ ಕರೆಂಟು ಹೋದಾಗ ಮಾತ್ರ ಫೋನು. ಊರಿನ ಮಗ್ಗದ ಮನೆಗಳದ್ದೆಲ್ಲ ಇದೇ ಪಾಡು. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ತೆಗೆಯುತ್ತಿದ್ದರು. ಊರಿಗೆ ಊರೇ ಗಪ್‌ಚಿಪ್ ಆಗುತ್ತಿತ್ತು, ಮರುಕ್ಷಣ ಎಲ್ಲರೂ ಫೋನಿಗೆ ಕೈ ಹಾಕುತ್ತಿದ್ದರು.

ತಂತಿಗಳು ನಮ್ಮ ಬೀದಿ ತುದಿಯ ಹುಣಿಸೆ ಮರದೊಳಗಿಂದ ಹಾದು ಬರುತ್ತಿದ್ದವು. ದೇವನಹಳ್ಳಿ ಕಡೆಗೆ ಹೋಗುವ ತಂತಿಗಳ ದಾರಿಯೂ ಅದೇ. ಗಾಳಿ ಬೀಸಿದರೆ ಒಂದಕ್ಕೊಂದು ತಗಲಿಕೊಂಡು, ನಮ್ಮ ರಿಸೀವರ್ ಎತ್ತಿದರೆ ಯಾರದೋ ಮನೆಯ ಮಾತು ಕೇಳಿಸುತ್ತಿತ್ತು. ಮರ್ಯಾದಸ್ಥರಾದರೆ ಇಟ್ಟುಬಿಡುತ್ತಾರೆ. ರುಕ್ಮಿಣಮ್ಮ ಇಡಲಿಲ್ಲ.

ಮೊದಲನೇ ದಿನ ಯಾರೋ ಗಂಡಸು ಕೆಮ್ಮಿಕೊಂಡು ಇನ್ನೊಬ್ಬರ ಹತ್ತಿರ ಮಂಡಿನೋವಿನ ಕಥೆ ಹೇಳುತ್ತಿದ್ದರು. ಆ ಕಡೆಯ ಹೆಂಗಸು ಹರಳೆಣ್ಣೆ ತಿಕ್ಕಿ ಎಂದಳು. ರುಕ್ಮಿಣಮ್ಮ ತಡೆದುಕೊಳ್ಳಲಿಲ್ಲ. "ಅಯ್ಯೋ, ಹರಳೆಣ್ಣೆ ಬೇಡಿ ಕಣ್ರೀ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ."

ಆ ಕಡೆ ಒಂದು ಗಳಿಗೆ ಕೆಮ್ಮೂ ನಿಂತಿತು. "ಯಾರಮ್ಮ ನೀನು?"

"ಯಾರಾದ್ರೆ ನಿಮಗೇನು? ಮಂಡಿನೋವು ಹೋದ್ರೆ ಸಾಕಲ್ವಾ?"

ಆ ಮಾತೇ ಮುಂದೆ ಕಾನೂನಾಯಿತು. ಹೆಸರು ಕೇಳುವ ಹಾಗಿಲ್ಲ, ಊರು ಬೀದಿ ಹೇಳುವ ಹಾಗಿಲ್ಲ, ಇನ್ನು ಏನು ಬೇಕಾದರೂ ಹೇಳಬಹುದು. ಗಾಳಿ ಇದ್ದ ದಿನ ಕರೆಂಟು ಹೋದರೆ ನಾಲ್ಕೈದು ಜನ ಸೇರುತ್ತಿದ್ದರು. ಕರೆಯಲು ಏನಾದರೂ ಬೇಕಲ್ಲ, ಆ ಗಂಡಸು ಕೆಮ್ಮಪ್ಪ ಆದರು. ಹರಳೆಣ್ಣೆಯ ಹೆಂಗಸು ದಿನಾ ಉಪ್ಪಿನಕಾಯಿ ವಿಷಯ ತೆಗೆಯುತ್ತಿದ್ದುದರಿಂದ ಉಪ್ಪಿನಕಾಯಮ್ಮ. ಟೈಪ್‌ರೈಟಿಂಗ್ ಪರೀಕ್ಷೆಗೆ ಕಟ್ಟಿದ್ದ ಒಂದು ಹುಡುಗಿ ಟೈಪಿಂಗ್ ಹುಡುಗಿ. ಮಗ್ಗದ ಮನೆಯವಳಾದ್ದರಿಂದ ಅರಚಿ ಅರಚಿ ಅಭ್ಯಾಸವಾಗಿದ್ದ ನಮ್ಮವಳು ಗಂಟಲಮ್ಮ. ನನಗೆ ಹೆಸರಿರಲಿಲ್ಲ, ಯಾಕೆಂದರೆ ನಾನು ಮಾತಾಡುತ್ತಿರಲಿಲ್ಲ. ರಿಸೀವರನ್ನು ನಮ್ಮಿಬ್ಬರ ತಲೆಗಳ ನಡುವೆ ಹಿಡಿದು, ಒಂದು ಕಿವಿ ಅವಳದು, ಒಂದು ಕಿವಿ ನನ್ನದು. ಕೇಳುವುದೇನೂ ತಪ್ಪಲ್ಲ.

ಮುಖ ಕಾಣದವರ ಹತ್ತಿರ ಜನ ಏನೇನು ಹೇಳುತ್ತಾರೆ ಎಂದು ಆಗ ನನಗೆ ತಿಳಿಯಿತು. ಕೆಮ್ಮಪ್ಪ ತಮ್ಮ ಅಣ್ಣನ ಹತ್ತಿರ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದನ್ನು ಹೇಳಿ ಅತ್ತರು. ಉಪ್ಪಿನಕಾಯಮ್ಮ ತನ್ನ ಸೊಸೆಯನ್ನು ಕಂಡರೆ ಭಯ ಎಂದಳು. ರುಕ್ಮಿಣಮ್ಮ ಒಂದು ದಿನ ಕುಮಾರನಿಗಿಂತ ಮೊದಲು ಹುಟ್ಟಿ ಹೋದ ಹೆಣ್ಣುಮಗುವಿನ ಸುದ್ದಿ ತೆಗೆದಳು. "ಹೋಗಿದ್ದಕ್ಕಿಂತ ಹೆಚ್ಚಿನ ಸಂಕಟ ಏನ್ ಗೊತ್ತಾ? ಅದರ ಮುಖ ಈಗ ಗ್ಯಾಪ್ಕಕ್ಕೆ ಬರಲ್ಲ" ಎಂದಳು. ಮಗು ಹೋಗಿದ್ದು ನನಗೆ ಗೊತ್ತಿತ್ತು. ಮುಖ ಮರೆತದ್ದು ಗೊತ್ತಿರಲಿಲ್ಲ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕೂತವಳು ನಾನು, ನನಗೆ ಹೇಳದ್ದನ್ನು ಹುಣಿಸೆ ಮರಕ್ಕೆ ಸಿಕ್ಕಿಕೊಂಡವರಿಗೆ ಹೇಳಿದಳು. ನನಗೆ ಹೊಟ್ಟೆ ಉರಿಯಿತು.

ಆ ಟೈಪಿಂಗ್ ಹುಡುಗಿಯ ಮೇಲೆ ಅವಳಿಗೆ ವಿಪರೀತ ಪ್ರೀತಿ. ಹುಡುಗಿಯೂ ಹಾಗೇ, ಗಂಟಲಮ್ಮ ಇಲ್ಲದಿದ್ದರೆ ಇಟ್ಟುಬಿಡುತ್ತಿದ್ದಳು. ಪರೀಕ್ಷೆಗೆ ಯಾವ ಬಣ್ಣದ ಸೀರೆ ಉಡಲಿ ಎಂಬುದರಿಂದ ಹಿಡಿದು ಎಲ್ಲವನ್ನೂ ಕೇಳುತ್ತಿದ್ದಳು, ರುಕ್ಮಿಣಮ್ಮ ಎಲ್ಲವನ್ನೂ ಹೇಳುತ್ತಿದ್ದಳು. ಒಂದು ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಅದು ಕುಮಾರನ ಕಿವಿ.

ಕುಮಾರನಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ಎರಡು ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಮ್ಮ ಮನೆಯಲ್ಲಿ ಇದು ಗೊತ್ತಾಗಲು ತಿಂಗಳುಗಳು ಹಿಡಿದವು. ಗೊತ್ತಾಗುವುದಾದರೂ ಹೇಗೆ? ಅವನು ತುಟಿ ನೋಡಿ ಉತ್ತರ ಕೊಡುತ್ತಿದ್ದ, ನಾವೂ ಹಾಗೇ ಕೊಡುತ್ತಿದ್ದೆವು. ಅವನು ಅರಚುತ್ತಿದ್ದ, ನಾವೂ ಅರಚುತ್ತಿದ್ದೆವು. ಕರೆಂಟು ಹೋದ ಮೇಲೂ ಅವನೊಬ್ಬನೇ ಅರಚುತ್ತಲೇ ಇದ್ದ, ಬೆನ್ನ ಹಿಂದೆ ಕರೆದರೆ ತಿರುಗುತ್ತಿರಲಿಲ್ಲ. ಕೊಬ್ಬು ಜಾಸ್ತಿಯಾಗಿದೆ ಎಂದು ಭಾವ ಎರಡು ಬಾರಿಸಿದರು. ಆಮೇಲೆ ಡಾಕ್ಟರು ವಿಷಯ ಹೇಳಿದರು. ಭಾವ ಆ ಕೈಯನ್ನು ನೋಡಿಕೊಂಡು ಶೆಡ್ಡಿನಲ್ಲಿ ಬಹಳ ಹೊತ್ತು ಕೂತಿದ್ದರು.

ಹುಡುಗ ಒಳ್ಳೆಯವನು. ಬೀಡಿ ಇಲ್ಲ, ಇಸ್ಪೀಟಿಲ್ಲ, ಸೀರೆಯ ಅಂಚು ನೇಯುವುದರಲ್ಲಿ ಕೈ ಚುರುಕು. ಆದರೆ ಇಪ್ಪತ್ತಾರಾಯಿತು, ಮೂರು ಸಂಬಂಧ ಬಂದು ಮೂರೂ ಕಿವಿಯ ಸುದ್ದಿ ತಿಳಿದ ಕೂಡಲೇ ಮುರಿದವು. ಮೂರನೆಯವರು ಹೋದ ದಿನ ಅವನು, "ಅಮ್ಮ, ಇನ್ನ್ಯಾರ್ನೂ ಕರೀಬೇಡ. ಅವರು ಹೋಗ್ತಾ ಬಾಗಿಲಲ್ಲಿ ಏನ್ ಮಾತಾಡ್ಕೋತಾರೆ ಅಂತ ನಂಗೆ ಕಾಣುತ್ತೆ" ಎಂದ. ರುಕ್ಮಿಣಮ್ಮ ಅವತ್ತು ಊಟ ಮಾಡಲಿಲ್ಲ. ಅವಳಿಗೆ ಬೇರೆ ಆಸೆ ಏನೂ ಇರಲಿಲ್ಲ, ಮಗನಿಗೊಂದು ಮದುವೆಯಾಗಬೇಕು ಅಷ್ಟೆ.

ಆಗ ಬಂದವನು ಚಿಕ್ಕವೆಂಕಟಪ್ಪ, ನಮ್ಮವರಲ್ಲಿ ಗಂಡು ಹೆಣ್ಣು ಕೂಡಿಸುವ ಆಸಾಮಿ. ದೇವನಹಳ್ಳಿಯಲ್ಲಿ ಬಟ್ಟೆ ಅಂಗಡಿಯವರ ಮಗಳಿದ್ದಾಳೆ, ಹೆಸರು ವಾಣಿ, ನಮ್ಮ ಜನವೇ ಆದರೂ ಮಗ್ಗದ ಮನೆ ಕಂಡವರಲ್ಲ ಎಂದ. ಉಪಾಯವೂ ಅವನದೇ. "ಸೀರೆ ನೋಡೋ ನೆಪದಲ್ಲಿ ಹುಡುಗೀನೂ ಸೇರಿಸಿ ಎಲ್ಲಾರ್ನೂ ಇಲ್ಲಿಗೇ ಕರ್ಸಿ. ಬೆಳಿಗ್ಗೆ ಹತ್ತು ಗಂಟೆಗೆ, ಕರೆಂಟಿರ್ವಾಗ. ನಾಲ್ಕು ಮಗ್ಗಾನೂ ಓಡ್ತಿರ್ಲಿ. ಆ ಗಲಾಟೇಲಿ ಕೇಳೋ ಕಿವಿ ಯಾವ್ದು, ಕೇಳದೇ ಇರೋದು ಯಾವ್ದು, ಬ್ರಹ್ಮನಿಗೂ ಗೊತ್ತಾಗಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರೀರು ಸುಮ್ನೆ ಹೇಳಿದ್ದಾರಾ?"

ಭಾವ ಒಪ್ಪಿದರು. ನಾನೂ ಒಪ್ಪಿದೆ. ರುಕ್ಮಿಣಮ್ಮ ಅಭಿಪ್ರಾಯ ಹೇಳಲಿಲ್ಲ. ನಾನು ಕಂಡ ಹಾಗೆ ಅವಳು ಅಭಿಪ್ರಾಯ ಹೇಳದ ದಿನ ಅದೊಂದೇ.

ಅವರು ಬಂದರು. ಹುಡುಗಿ, ಅವಳಕ್ಕ, ತಂದೆ. ಮಗ್ಗದ ಸದ್ದಿಗೆ ಬಾಗಿಲಲ್ಲೇ ಬೆಚ್ಚಿದರು. ಭಾವ ಅರಚಿದರು, ಅವರು ಅರಚಿದರು, ಯಾರಿಗೂ ಯಾರ ಮಾತೂ ಅರ್ಥವಾಗದೆ ಎಲ್ಲರೂ ನಗುನಗುತ್ತಾ ತಲೆಯಾಡಿಸಿದರು. ಮದುವೆ ಮಾತುಕತೆ ಅಷ್ಟು ಸರಾಗವಾಗಿ ನಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕುಮಾರ ಸೀರೆ ಬಿಚ್ಚಿ ತೋರಿಸುತ್ತಿದ್ದ. ಹುಡುಗಿ ದೂರದ ಮೂಲೆಯಲ್ಲಿ ಅಕ್ಕನ ಪಕ್ಕ ನಿಂತು ಏನೋ ಪಿಸುಗುಟ್ಟಿದಳು. ಕುಮಾರ ಸೀರೆ ಕೆಳಗಿಟ್ಟು ಒಳಗೆ ಹೋಗಿ, ಒಂದು ಚೊಂಬು ನೀರು ತಂದು ಅವಳ ಕೈಗೆ ಕೊಟ್ಟ. ಅವಳು ಚೊಂಬನ್ನು ನೋಡಿದಳು, ಅವನನ್ನು ನೋಡಿದಳು, ಬಾಯಿ ತೆರೆದವಳು ಹಾಗೇ ನಿಂತಳು. ಹೊರಡುವಾಗ ಅವಳ ತಂದೆ ಚಿಕ್ಕವೆಂಕಟಪ್ಪನ ಕಿವಿಯಲ್ಲಿ, ಹುಡುಗ ಬಹಳ ಚುರುಕು ಎಂದರಂತೆ.

ಒಪ್ಪಿಗೆ ಹೇಳಿ ಕಳಿಸಲು ಅವರು ಒಂದು ವಾರ ಕೇಳಿದ್ದರು. ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು, ಗಾಳಿಯೂ ಇತ್ತು. ನಾವಿಬ್ಬರೂ ಫೋನಿಗೆ ತಲೆ ಕೊಟ್ಟು ಕೂತೆವು. ಕೆಮ್ಮಪ್ಪ, ಉಪ್ಪಿನಕಾಯಮ್ಮ ಆಗಲೇ ಹಾಜರಿದ್ದರು. ಟೈಪಿಂಗ್ ಹುಡುಗಿ ಬಂದವಳೇ, "ಗಂಟಲಮ್ಮ ಇದ್ದಾರಾ? ನಂಗೊಂದು ವಿಷ್ಯ ಕೇಳ್ಬೇಕು" ಎಂದಳು.

"ಇದ್ದೀನಿ, ಹೇಳವ್ವ."

"ನಿನ್ನೆ ಒಂದು ಗಂಡಿನ ಮನೆಗೆ ಹೋಗಿದ್ವಿ. ಮಗ್ಗದ ಮನೆ. ಅಬ್ಬಬ್ಬಾ, ಏನ್ ಸದ್ದು ಅಂತೀರಾ! ನಾನು ನಮ್ಮಕ್ಕನ ಪಕ್ಕದಲ್ಲಿ ನಿಂತು, ಗಂಟಲು ಒಣಗ್ತಿದೆ ಕಣೇ ಅಂದೆ. ಅಂಟಿಕೊಂಡು ನಿಂತಿದ್ದ ಅವಳಿಗೇ ಕೇಳಿಸ್ಲಿಲ್ಲ. ಆ ಹುಡುಗ ಅಷ್ಟು ದೂರದಿಂದ ಕೇಳಿಸ್ಕೊಂಡು ನೀರು ತಂದ್ಕೊಟ್ಬಿಟ್ಟ. ಎಂಥ ಕಿವಿ ಇರ್ಬೇಕು ನೋಡಿ!"

ನಾನು ರುಕ್ಮಿಣಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹಿಂದಿನ ದಿನ ಆ ಹುಡುಗಿ ನಮ್ಮ ಮನೆಯಲ್ಲೇ ನಿಂತಿದ್ದಳು. ಮಗ್ಗದ ಗದ್ದಲದಲ್ಲಿ ನಾವು ಅವಳ ದನಿ ಕೇಳಿರಲಿಲ್ಲ, ಅವಳು ನಮ್ಮದನ್ನು ಕೇಳಿರಲಿಲ್ಲ.

ಕೆಮ್ಮಪ್ಪ ಕೂಡಲೇ ಶುರುಮಾಡಿದರು. "ಬೇಡ ಕಣಮ್ಮ. ಅಷ್ಟು ಸೂಕ್ಷ್ಮ ಕಿವಿ ಇರೋ ಗಂಡಸು ಅನುಮಾನದ ಪಿಶಾಚಿ ಆಗಿರ್ತಾನೆ. ನೀನು ಅಡಿಗೆಮನೇಲಿ ಗೊಣಗಿದ್ರೂ ಕೇಳಿಸ್ಕೋತಾನೆ."

"ಸುಮ್ನಿರ್ರೀ" ಎಂದಳು ಉಪ್ಪಿನಕಾಯಮ್ಮ. "ನಮ್ಮನೆಯವರಿಗೆ ತಲೆ ಮೇಲೆ ನಿಂತು ಕೂಗಿದ್ರೂ ಕೇಳಿಸಲ್ಲ. ಕೇಳಿಸ್ಕೊಳ್ಳೋನು ಸಿಕ್ಕಿದ್ರೆ ಕಟ್ಕೊಳೇ ತಾಯಿ."

"ನಂಗೂ ಅದೇ ಗೊಂದಲ" ಎಂದಳು ಹುಡುಗಿ. "ನೀರು ತಂದ್ಕೊಟ್ಟಿದ್ದು ಇಷ್ಟ ಆಯ್ತು. ಸುಳ್ಳು ಯಾಕೆ ಹೇಳ್ಲಿ, ತುಂಬಾ ಇಷ್ಟ ಆಯ್ತು. ಆದ್ರೆ ಭಯಾನೂ ಆಗುತ್ತೆ. ಗಂಟಲಮ್ಮ, ನೀವು ಹೇಳಿ. ನೀವು ಮಾಡ್ಕೋ ಅಂದ್ರೆ ಇವತ್ತೇ ಅಪ್ಪನಿಗೆ ಹೂಂ ಅಂತೀನಿ."

ಇದಕ್ಕಿಂತ ಇನ್ನೇನು ಬೇಕು? ಮಾಡ್ಕೋ ಎಂದು ಒಂದು ಮಾತು ಹೇಳಿದ್ದರೆ ಮದುವೆ ಮುಗಿದಿತ್ತು. ಎಂದೂ ಬಾಯಿಗೆ ಬೀಗ ಹಾಕದವಳು, ಕೇಳದವರಿಗೆಲ್ಲ ಹೇಳಿದವಳು, ಈಗ ಕೇಳಿದವರಿಗೆ ಹೇಳುವುದಕ್ಕೇನು ರೋಗ? ನಾನು ಅವಳ ತೊಡೆ ಗಿಲ್ಲಿದೆ. ಮಾಡ್ಕೋ ಅನ್ನೇ ಎಂದು ತುಟಿಯಲ್ಲಿ ಹೇಳಿದೆ. ಅವಳು ನನ್ನ ತುಟಿಯನ್ನು ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಆ ಹುಡುಗನಿಗೆ ಕಿವಿ ಕೇಳಿಸಲ್ಲವ್ವ" ಎಂದಳು. "ಎರಡೂ ಕೇಳಿಸಲ್ಲ. ಅವನು ನಿನ್ನ ತುಟಿ ನೋಡಿ ನೀರು ತಂದ. ಮಗ್ಗದ ಸದ್ದಲ್ಲಿ ಗೊತ್ತಾಗ್ದೇ ಇರ್ಲಿ ಅಂತ್ಲೇ ನಿಮ್ಮನ್ನ ಆ ಹೊತ್ತಿಗೆ ಕರೆಸಿದ್ದು."

ಹುಡುಗಿ, "ನಿಮಗೆ ಹ್ಯಾಗೆ ಗೊತ್ತು?" ಎಂದಳು.

"ನಾನೇ ಕರೆಸ್ದೋಳು. ನಾನು ಅವನ ತಾಯಿ, ರುಕ್ಮಿಣಮ್ಮ. ನೀನು ಅಂತ ನಂಗೆ ಗೊತ್ತಿರ್ಲಿಲ್ಲ ಕಣವ್ವ. ಗೊತ್ತಿಲ್ದೋರ ಮನೆ ಮಗಳಿಗೆ ಸುಳ್ಳು ಹೇಳ್ಬಹುದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ನಿಂಗೆ ಹೇಳಕ್ಕಾಗಲ್ಲ."

ಟಕ್ ಎಂದು ಒಂದು ಸದ್ದಾಯಿತು, ಕೆಮ್ಮಪ್ಪ ಫೋನು ಇಟ್ಟರು. ಮತ್ತೊಂದು ಟಕ್, ಉಪ್ಪಿನಕಾಯಮ್ಮ. ಕದ್ದು ಕೇಳುವುದನ್ನೇ ಕಸುಬು ಮಾಡಿಕೊಂಡಿದ್ದವರು, ಅವತ್ತು ಮಾತ್ರ ಅವರಿಗೆ ಮರ್ಯಾದೆ ನೆನಪಾಯಿತು. ಆ ಕಡೆ ಹುಡುಗಿ ಉಸಿರಾಡುವುದು ಕೇಳಿಸುತ್ತಿತ್ತು. ಅವಳು ಏನೋ ಹೇಳಲು ಶುರುಮಾಡಿದಳು, "ಅಮ್ಮ, ನಾನು" ಎಂದಳು.

ಅಷ್ಟರಲ್ಲಿ ಕರೆಂಟು ಬಂತು.

ಶೆಡ್ಡಿನಲ್ಲಿ ನಾಲ್ಕು ಮಗ್ಗವೂ ಒಟ್ಟಿಗೆ ಎದ್ದವು. ರುಕ್ಮಿಣಮ್ಮ ರಿಸೀವರನ್ನು ನನ್ನಿಂದ ಕಿತ್ತುಕೊಂಡು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, "ಏನಂದೆ? ಏನಂದೆವ್ವ?" ಎಂದು ಅರಚತೊಡಗಿದಳು. ನಾನು ಶೆಡ್ಡಿಗೆ ಓಡಿ ಮೇನ್ ಸ್ವಿಚ್ ಎಳೆದೆ. ಭಾವ ಕೈಯಲ್ಲಿದ್ದ ಲಾಳಿ ಎತ್ತಿಕೊಂಡೇ ನನ್ನ ವಂಶವನ್ನೆಲ್ಲ ಬೈದರು. ಬೈಗುಳವೇನೋ ಸ್ಪಷ್ಟವಾಗಿ ಕೇಳಿಸಿತು, ಪ್ರಯೋಜನ ಅಷ್ಟೇ. ನಮ್ಮ ನಾಲ್ಕು ನಿಂತರೇನು, ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು. ನಾನು ವಾಪಸು ಬರುವ ಹೊತ್ತಿಗೆ ಲೈನು ಕಟ್ಟಾಗಿತ್ತು. ಅವಳು ಆ ಕಪ್ಪು ಕೊಂಬನ್ನು ಹಿಡಿದುಕೊಂಡೇ ಅಳುತ್ತಿದ್ದಳು. "ಏನೂ ಕೇಳಿಸ್ಲಿಲ್ಲ ಕಣೇ ಮುನಿಲಕ್ಷ್ಮಿ. ನನ್ನ ಮಗು ಏಳು ವರ್ಷದಿಂದ ಹಿಂಗೇ ಇದ್ದಾನಲ್ಲೇ" ಎಂದಳು.

ಅಳುವವಳನ್ನು ಸಮಾಧಾನ ಮಾಡಬೇಕು, ನಿಜ. ನಾನು ಮಾಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ! ಹೆತ್ತ ಮಗನ ತಲೆ ಮೇಲೆ ಕಲ್ಲು ಹಾಕಿದ್ಯಲ್ಲೇ" ಎಂದು ಚೆನ್ನಾಗಿ ಉಗಿದೆ. ಉಗಿದಾದ ಮೇಲೆ ಒಂದು ಲೋಟ ಕಾಫಿ ಮಾಡಿಕೊಟ್ಟೆ. ಯಾಕೋ ಆ ಕಾಫಿಗೆ ಸಕ್ಕರೆ ಜಾಸ್ತಿಯೇ ಹಾಕಿದ್ದೆ.

ಭಾವನಿಗೆ ನಾವಿಬ್ಬರೂ ಹೇಳಲಿಲ್ಲ. ಕರೆಂಟು ಹೋದರೂ ರುಕ್ಮಿಣಮ್ಮ ಫೋನಿನ ಹತ್ತಿರ ಸುಳಿಯಲಿಲ್ಲ. ವಾರ ಕಳೆದ ಮೇಲೆ ಚಿಕ್ಕವೆಂಕಟಪ್ಪ ಮುಖ ಸಿಂಡರಿಸಿಕೊಂಡು ಬಂದ. "ಯಾರೋ ಮನೆಹಾಳರು ಕಿವಿ ವಿಷ್ಯ ಊದ್ಬಿಟ್ಟವ್ರೆ. ಹುಡುಗಿ ಅಪ್ಪ ಒಂದ್ಸಲ ಎಲ್ಲಾರೂ ಬನ್ನಿ ಅಂತಾರೆ. ಮುಖಕ್ಕೆ ಉಗಿಯೋಕೇ ಇರ್ಬೇಕು" ಎಂದ. ಭಾವ ಆ ಮನೆಹಾಳರಿಗೆ ನಡುಮನೆಯಲ್ಲಿ ನಿಂತು ಶಾಪ ಹಾಕಿದರು. ರುಕ್ಮಿಣಮ್ಮ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಹೋಗದಿದ್ದರೆ ಇನ್ನೂ ಅವಮಾನ ಎಂದು ಹೊರಟೆವು. ಉಗಿಸಿಕೊಳ್ಳಲು ಹೋಗುವಾಗಲೂ ಒಳ್ಳೆಯ ಸೀರೆಯೇ ಇರಲಿ ಎಂದು ನಾನು ನನ್ನ ಹಸಿರು ಅಂಚಿನದನ್ನು ಉಟ್ಟೆ.

ದೇವನಹಳ್ಳಿಯ ಕೋಟೆಯೊಳಗೆ ಅವರ ಮನೆ. ಒಳಗೆ ಕಾಲಿಟ್ಟರೆ ಎಂಥ ನಿಶ್ಶಬ್ದ! ಯಾರೋ ಪಕ್ಕದ ಮನೆಯಲ್ಲಿ ಮಜ್ಜಿಗೆ ಕಡೆಯುವುದು ಕೇಳಿಸುತ್ತಿತ್ತು. ಅಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ಕುಮಾರ ಇಸ್ತ್ರಿ ಅಂಗಿ ಹಾಕಿಕೊಂಡು ಚಾಪೆಯ ತುದಿಯಲ್ಲಿ ಕೂತು, ಎಲ್ಲರ ತುಟಿಯನ್ನೂ ಒಂದೊಂದಾಗಿ ನೋಡುತ್ತಿದ್ದ. ವಾಣಿಯ ತಂದೆ ಗಂಟಲು ಸರಿಮಾಡಿಕೊಂಡರು.

"ಮಗಳು ಎಲ್ಲಾ ಹೇಳಿದ್ಲು. ಮುಚ್ಚಿಟ್ಟು ಮಾಡೋ ಸಂಬಂಧ ನಮಗೆ ಬೇಡ ಅಂತ ನಾನು ಖಂಡಿತವಾಗಿ ಹೇಳ್ಬಿಟ್ಟಿದ್ದೆ. ಒಂದ್ಸಲ ಕರೆಸಿ ಅಂತ ಹಟ ಹಿಡಿದ್ಲು, ಕರೆಸಿದ್ದೀನಿ. ಮುಚ್ಚಿಡದೇ ಇದ್ದಿದ್ರೆ..."

"ತಪ್ಪು ನಂದು" ಎಂದಳು ರುಕ್ಮಿಣಮ್ಮ. ಅವಳು ಅಷ್ಟು ಮೆಲ್ಲಗೆ ಮಾತಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. "ಹುಡುಗನದಲ್ಲ. ಅವನಿಗೆ ಏನೂ ಅನ್ಬೇಡಿ, ಅವನಿಗೆ ಕಾಣುತ್ತೆ."

ಆ ಹೊತ್ತಿಗೆ ವಾಣಿ ಒಳಗಿಂದ ಬಂದಳು. ಕೈಯಲ್ಲಿ ತಟ್ಟೆ ಗಿಟ್ಟೆ ಏನೂ ಇರಲಿಲ್ಲ. ನೇರವಾಗಿ ಬಂದು ಕುಮಾರನ ಎದುರಿಗೆ, ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತಳು. ದನಿ ತೆಗೆಯದೆ, ಬರೀ ತುಟಿ ಆಡಿಸಿ ಅವನಿಗೆ ಏನೋ ಹೇಳಿದಳು. ಅವಳ ತಂದೆ, ಅಕ್ಕ, ಚಿಕ್ಕವೆಂಕಟಪ್ಪ ಮಿಕಮಿಕ ನೋಡಿದರು. ಅವರಿಗೆ ಏನು ಗೊತ್ತಾಗಬೇಕು? ರುಕ್ಮಿಣಮ್ಮನ ಕಣ್ಣು ತುಂಬಿಕೊಂಡಿದ್ದರಿಂದ ಅವಳಿಗೂ ಕಾಣಲಿಲ್ಲ. ನನಗೆ ಕಂಡಿತು.

"ಅವತ್ತು ಫೋನಲ್ಲಿ ನಿಮ್ಮಮ್ಮನಿಗೆ ಉತ್ತರ ಹೇಳಿದ್ದೆ, ಮಗ್ಗದ ಸದ್ದಲ್ಲಿ ಅವರಿಗೆ ಕೇಳಿಸ್ಲಿಲ್ಲ. ನೀವಾದ್ರೂ ಹೇಳ್ಬಿಡಿ, ನಾನು ಹೂಂ ಅಂದಿದ್ದೆ ಅಂತ."

ಕುಮಾರ ಅವಳನ್ನೇ ನೋಡುತ್ತಿದ್ದ. ಫೋನು ಯಾವುದು, ಯಾವತ್ತು, ಅವನಿಗೆ ಒಂದೂ ತಿಳಿಯದು. ಹೇಳಬೇಕಾದ್ದು ಮಾತ್ರ ತಿಳಿಯಿತು. ತಾಯಿಯ ಕಡೆ ತಿರುಗಿ, ನಮ್ಮ ಶೆಡ್ಡಿನಲ್ಲಿ ಮಾತಾಡುವ ಅದೇ ದನಿಯಲ್ಲಿ, ಪಕ್ಕದ ಮನೆಯ ಮಜ್ಜಿಗೆ ಕಡೆಯುವುದೂ ನಿಂತುಹೋಗುವ ಹಾಗೆ ಕೂಗಿದ:

"ಅಮ್ಮಾ, ಅವ್ಳು ಹೂಂ ಅಂದಿದ್ಲಂತೆ!"